ಕಾಲಿಗೆ ಬೀಳಲು ಬಂದವನು

ಪುಂಡನಾಗಿ ತಿರುಗುತ್ತಿದ್ದ ವಯಸ್ಸಿನಲ್ಲಿ ಫಕೀರಪ್ಪ ಕುಡಿದ ಅಮಲಿನಲ್ಲಿ ಓಣಿಯ ಚನ್ನಬಸಪ್ಪನ ಬಲಗೈ ಮುರಿದಿದ್ದ. ಆ ಕೈ ಸ್ವಾಧೀನವನ್ನೇ ಕಳೆದುಕೊಂಡಿತು. ಫಕೀರಪ್ಪ ಜೈಲಿಗೆ ಹೋದ, ಅಲ್ಲೇ ಬಾಕ್ಸಿಂಗ್ ಕಲಿತ, ಕುಡಿತ ಬಿಟ್ಟ. ಹೊರಬಂದು ರಾಜ್ಯಮಟ್ಟದಲ್ಲಿ ಗೆದ್ದ. ಕೊರಳಿಗೆ ಪದಕ ಹಾಕಿದಾಗಲೂ ಅವನಿಗೆ ಏನೂ ಅನ್ನಿಸಲಿಲ್ಲ. ಮರುದಿನ ಚನ್ನಬಸಪ್ಪನ ಮನೆಯ ಮುಂದೆ ಹೋಗಿ ನಿಂತ.

ಚನ್ನಬಸಪ್ಪನ ಹೆಂಡತಿ ರತ್ನವ್ವ ಬಾಗಿಲು ತೆರೆದಳು.

“ಯಾಕ ಬಂದಿ?”

“ಅಣ್ಣಾರ ಕಾಲಿಗೆ ಬೀಳಾಕ ಬಂದೀನ್ರಿ, ವೈನಿ. ನನ್ನಿಂದ ನಿಮ್ಮ ಸಂಸಾರ ಹಾಳಾತು.”

ರತ್ನವ್ವ ಒಮ್ಮೆ ಒಳಗೆ ತಿರುಗಿ ನೋಡಿದಳು. ಹೊಸ್ತಿಲು ದಾಟಿ ಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

“ಸುಮ್ನ ಹೋಗಪಾ,” ಎಂದಳು ದನಿ ತಗ್ಗಿಸಿ. “ಅವರ ಕೈ ಬಿದ್ದುಹೋದಾಗಿಂದ ನಾ ಒಂದಿನಾನೂ ಹೊಡತ ತಿಂದಿಲ್ಲ.”