ಗೋಡೆಯಾಚೆಯ ಅಳು

"ಕೂಸು ಅತ್ತದ್ದು ನಿಜವೇ?" ರಾಜನ ನ್ಯಾಯಾಧಿಕಾರಿ ಕೇಳಿದ.

"ನಿಜ ಸ್ವಾಮಿ," ಎಂದ ಹಿಟ್ಟಿನ ಗಿರಣಿಯ ಆಸ್ಬರ್ಟ್. "ಫಲ್ಕ್ ದೊರೆಗಳು ನಮ್ಮನ್ನೆಲ್ಲ ಹೆರಿಗೆ ಕೋಣೆ ಕಿಟಕಿ ಕೆಳಗೇ ನಿಲ್ಸಿದ್ರು. ಚೆನ್ನಾಗಿ ಕೇಳಿಸ್ತು. ಗಟ್ಟಿ ಗಂಟಲು."

"ಬೆಕ್ಕಿರಬೇಕು," ಡ್ರೋಗೊ ಕೂತಲ್ಲಿಂದಲೇ ಗೊಣಗಿದ.

"ನನ್ನ ಹೆಂಡ್ತಿ ಒಂಬತ್ತು ಹೆತ್ತಿದಾಳೆ ಧಣಿ. ಒಂದೂ ಬೆಕ್ಕಲ್ಲ."

ಚರ್ಚಿನೊಳಗೆ ಸಣ್ಣ ನಗು ಎದ್ದು ಅಡಗಿತು. ನಗುವ ಹೊತ್ತಲ್ಲ ಅದು. ವೆಂಡ್ಲೇಕ್ ಮನೆತನದ ಹಿರಿಯ ಕವಲಿನ ಕೊನೆಯ ಕುಡಿ, ಹೆರಿಗೆಯಲ್ಲಿ ತೀರಿಕೊಂಡ ಐಡೋನಿಯಳನ್ನು ಅದೇ ಚರ್ಚಿನ ನೆಲದಡಿ ಹೂಳಿ ವಾರವೂ ಕಳೆದಿರಲಿಲ್ಲ. ಅವಳ ಪಕ್ಕದಲ್ಲಿ ಅವಳ ಗಂಡುಕೂಸು. ಮುತ್ತಜ್ಜನ ಕಾಲದಿಂದ ಬಂದ ಮೂರು ಊರುಗಳ ಹೊಲ, ಕಾಡು, ಗಿರಣಿ ಎಲ್ಲವೂ ಅವಳವಾಗಿದ್ದವು.

ಹೆಂಡತಿ ಸತ್ತರೆ ಅವಳ ಜಮೀನು ತವರಿನ ಕಡೆಗೆ, ಅಂದರೆ ಚಿಕ್ಕಪ್ಪ ಡ್ರೋಗೊನಿಗೆ ಹೋಗಬೇಕು. ಆದರೆ ಅವಳಿಗೆ ಜೀವಂತ ಕೂಸು ಹುಟ್ಟಿ, ಅದರ ಅಳು ನಾಲ್ಕು ಗೋಡೆಗಳ ನಡುವೆ ಕೇಳಿಸಿದ್ದರೆ, ಕೂಸು ಮರುಗಳಿಗೆಯೇ ಸತ್ತರೂ ಜಮೀನು ಗಂಡ ಫಲ್ಕ್ ಬದುಕಿರುವವರೆಗೆ ಅವನದು. ಕಾನೂನು ಹಾಗಿತ್ತು. ಹೆರಿಗೆ ಕೋಣೆಗೆ ಗಂಡಸರು ಹೋಗುವಂತಿಲ್ಲ. ಹೆಂಗಸರ ಸಾಕ್ಷಿ ನಡೆಯುವುದಿಲ್ಲ. ಉಳಿದದ್ದು ಗೋಡೆಯಾಚೆಯ ಕಿವಿಗಳು.

ಊರಿನವರಿಗೆ ಫಲ್ಕನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಡ್ರೋಗೊನ ಭಯವಿತ್ತು. ತನ್ನ ಊರಿನ ಗುಡಿಸಲುಗಳನ್ನು ಕೆಡವಿಸಿ, ಜಿಂಕೆ ಬೇಟೆಗೆಂದು ಕಾಡು ಬೆಳೆಸಿದವನು ಅವನು. ಅಲ್ಲಿಂದ ಓಡಿಬಂದವರು ಹೋದ ಚಳಿಗಾಲದಲ್ಲಿ ಇಲ್ಲಿಯ ಬೇಲಿಗಳ ಬುಡದಲ್ಲಿ ಸತ್ತಿದ್ದರು.

ಕಿಟಕಿಯ ಕೆಳಗಿದ್ದವರೆಲ್ಲ ಪವಿತ್ರ ಗ್ರಂಥ ಮುಟ್ಟಿ ಅದೇ ಮಾತು ಹೇಳಿದರು. ಅತ್ತಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಜಮೀನು ಫಲ್ಕನಿಗೆ ಎಂದು ತೀರ್ಪಾಯಿತು. ಬಾಗಿಲ ಬಳಿ ನಿಂತಿದ್ದ ಸೂಲಗಿತ್ತಿ ಗನೋರ ನಿಟ್ಟುಸಿರು ಬಿಟ್ಟಳು. ಪಕ್ಕದಲ್ಲಿ ಅವಳ ಮಗಳು ಎಡಿತ್ ತನ್ನ ಹಸುಗೂಸನ್ನು ಎದೆಗೆ ಅವುಚಿಕೊಂಡಿದ್ದಳು.

ಆಗ ಫಲ್ಕ್ ಎದ್ದು ನಿಂತ. ಕಣ್ಣುಗಳು ಕೆಂಪಾಗಿದ್ದವು.

"ಜಮೀನು ಬಂತು. ನನ್ನ ಮಗ ಎಲ್ಲಿ ಸ್ವಾಮಿ? ಅಷ್ಟು ಗಟ್ಟಿಯಾಗಿ ಅತ್ತ ಕೂಸು ನಾನು ಮೆಟ್ಟಿಲು ಹತ್ತೋದ್ರೊಳಗೆ ತಣ್ಣಗಾಗಿತ್ತು. ನನ್ನ ಹೆಂಡತಿಗೆ ಆಗ ಪ್ರಜ್ಞೆ ಇರ್ಲಿಲ್ಲ. ಎಚ್ಚರ ಇದ್ದವಳು ಇವಳೊಬ್ಬಳೇ."

ಅವನ ಬೆರಳು ಗನೋರಳತ್ತ ತಿರುಗಿತ್ತು.

ಆಸ್ಬರ್ಟ್ ಬಿಳಿಚಿಕೊಂಡ. "ನಾನು ಹಾಗಂದಿದ್ದಲ್ಲ ಸ್ವಾಮಿ..."

"ಗಟ್ಟಿ ಗಂಟಲು ಅಂದ್ಯಲ್ಲಪ್ಪ," ಎಂದ ಡ್ರೋಗೊ.

ನ್ಯಾಯಾಧಿಕಾರಿ ಗನೋರಳನ್ನು ಮುಂದೆ ಕರೆದ. "ಜಮೀನಿನ ವಿಷಯಕ್ಕೆ ನಿನ್ನ ಮಾತು ಬೇಕಿರಲಿಲ್ಲ. ಈಗ ನಿನ್ನ ಕುತ್ತಿಗೆಯ ಪ್ರಶ್ನೆ. ಹೇಳಮ್ಮ, ಕೂಸಿಗೇನಾಯ್ತು?"

ಗನೋರ ಫಲ್ಕನನ್ನು ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಆಮೇಲೆ ಡ್ರೋಗೊನನ್ನು ನೋಡಿದಳು. ಅವನು ಕಿವಿಗೊಟ್ಟು ಮುಂದಕ್ಕೆ ಬಾಗಿದ್ದ. ಅವನ ಹಿಂದೆ ಊರಿಗೆ ಊರೇ ನಿಂತಿತ್ತು. ಅದರಲ್ಲಿ ಅರ್ಧ ಜನ ಅವಳ ಕೈಗೆ ಹುಟ್ಟಿದವರು.

"ಅತ್ತಿತು ಸ್ವಾಮಿ," ಎಂದಳು. "ಆಮೇಲೆ ನಿಂತುಹೋಯ್ತು."

"ಹೇಗೆ?"

"ಗೊತ್ತಿಲ್ಲ."

ಎಡಿತ್ ಬಾಯಿ ತೆರೆದಳು. ತಾಯಿ ಬೇಡವೆಂದು ತಲೆಯಾಡಿಸಿದಳು. ಯಾರೋ ಹಗ್ಗ ತಂದು ಮುದುಕಿಯ ಕೈ ಕಟ್ಟಿದರು. ಅವಳು ಕೈ ಒಡ್ಡಿಕೊಂಡು ನಿಂತಳು. ಆಸ್ಬರ್ಟ್ ಕಂಬಕ್ಕೆ ಹಣೆಯಾನಿಸಿದ. ಗುಂಪು ದಾರಿ ಬಿಟ್ಟಿತು. ಒಬ್ಬರೂ ಅವಳ ಮುಖ ನೋಡಲಿಲ್ಲ.

ಐಡೋನಿಯಳ ಕೂಸು ಹೊಟ್ಟೆಯಲ್ಲಿ ಮಿಸುಕಾಡುವುದನ್ನು ನಿಲ್ಲಿಸಿ ದಿನಗಳೇ ಆಗಿದ್ದವು. ಆ ಕೋಣೆಯಲ್ಲಿ ಅತ್ತದ್ದು ಎಡಿತಳ ಕೂಸು. ಅದನ್ನು ಬಟ್ಟೆಯೊಳಗೆ ಅಡಗಿಸಿ ತಂದು ಚಿವುಟೆಂದು, ಊರನ್ನು ಉಳಿಸೆಂದು, ಗನೋರಳ ಕಾಲು ಹಿಡಿದು ಬೇಡಿದ್ದವನು ಫಲ್ಕ್.