ಮೂರನೆಯ ಅಚ್ಚು

ಅದೇ ಬಾಯಿ. ಮೂರನೆಯ ಸಲ.

ಹಲ್ಲಿನ ಲ್ಯಾಬಿನವನು ಪ್ಲಾಸ್ಟರ್ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದ. ಎಡಗಡೆಯ ಕೋರೆಹಲ್ಲು ಕೊಂಚ ಹೊರಗೆ ತಿರುಗಿತ್ತು, ಬಾಗಿಲಿನಿಂದ ಇಣುಕುವ ಮುದುಕಿಯ ಹಾಗೆ. ಇಪ್ಪತ್ತೆಂಟು ವರ್ಷದಿಂದ ಹಲ್ಲಿನ ಡಾಕ್ಟರುಗಳಿಗೆ ಕ್ಯಾಪು, ಬ್ರಿಜ್ಜು ಮಾಡಿಕೊಟ್ಟವನು ಅವನು. ಮುಖ ಮರೆತಾನು, ಬಾಯಿ ಮರೆಯುವವನಲ್ಲ.

ಕಪಾಟಿನಿಂದ ಹಳೆಯ ಎರಡು ಅಚ್ಚು ತೆಗೆದು ಪಕ್ಕದಲ್ಲಿಟ್ಟ. ಎಂಟು ತಿಂಗಳ ಹಿಂದೆ ಬಲಗಡೆಯ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು, ಕ್ಯಾಪ್ ಮಾಡಿದ್ದ. ಮೂರು ತಿಂಗಳ ಹಿಂದೆ ಅದರ ಪಕ್ಕದ್ದು ಉದುರಿತ್ತು. ಆಚೀಚಿನ ಹಲ್ಲುಗಳ ಆಸರೆಯಲ್ಲಿ ಮೂರು ಹಲ್ಲಿನ ಬ್ರಿಜ್ ಮಾಡಿದ್ದ. ಈಗ ಆ ಬ್ರಿಜ್ಜೇ ಎರಡು ತುಂಡಾಗಿ ಅಚ್ಚಿನ ಜೊತೆ ವಾಪಸ್ ಬಂದಿತ್ತು. ಅದನ್ನು ಹೊತ್ತಿದ್ದ ಹಲ್ಲುಗಳೂ ಬುಡಸಮೇತ ಹೋಗಿದ್ದವು. ಪೆಟ್ಟೆಲ್ಲ ಬಲಗಡೆಗೇ. ಚೀಟಿಯಲ್ಲಿ ಹೆಸರಿಲ್ಲ, ಒಂದು ನಂಬರು, ಹಲ್ಲಿನ ಬಣ್ಣ, ಕೆಳಗೊಂದು ಸಾಲು: ಬಚ್ಚಲಲ್ಲಿ ಜಾರಿ ಬಿದ್ದದ್ದು.

ಮೂರು ಸಲವೂ ಅದೇ ಬಚ್ಚಲು.

ಅವನು ತುಂಡುಗಳನ್ನು ತಿರುವಿದ. ಒಳಗಿನ ಲೋಹ ಮುಂದಿನಿಂದ ಹಿಂದಕ್ಕೆ ಬಾಗಿತ್ತು. ಅವನ ಕೆಲಸ ಅಷ್ಟು ಸುಲಭಕ್ಕೆ ಬಾಗುವಂಥದ್ದಲ್ಲ. ಯಾರೋ ಎದುರಿಗೆ ನಿಂತು ಬಾರಿಸಿದ್ದರು, ಕೈಯಲ್ಲಿ ಏನನ್ನೋ ಹಿಡಿದು.

ಕ್ಲಿನಿಕ್ಕಿಗೆ ಫೋನ್ ಮಾಡಿದ. ನರ್ಸ್ ಎತ್ತಿಕೊಂಡಳು.

"ಇದು ಯಾರ ಬಾಯಮ್ಮ?"

"ಅಯ್ಯೋ, ನಿಮ್ಮ ಕಡೆಯವರೇ ಅಲ್ವಾ? ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ." ಆಮೇಲೆ ದನಿ ತಗ್ಗಿತು. "ಡಾಕ್ಟರು ಹೇಳ್ಬೇಡ ಅಂದಿದ್ರು. ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ." ಇಟ್ಟುಬಿಟ್ಟಳು.

ಅವನ ಹತ್ತಿರದವರು ಅಂತ ಇದ್ದದ್ದೇ ಇಬ್ಬರು. ಹೆಂಡತಿಯ ಬಾಯಲ್ಲಿದ್ದದ್ದು ಅವನೇ ಮಾಡಿಕೊಟ್ಟ ಪೂರ್ತಿ ಸೆಟ್ಟು. ಉಳಿದದ್ದು ಮಗಳು.

ಮಗಳ ಹಲ್ಲಿನ ಸಾಲು ಹೇಗಿತ್ತು? ನೆನಪಾಗಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಹಲ್ಲುನೋವು ಅಂತ ಒಂದು ದಿನ ಅತ್ತವಳಲ್ಲ. ನೆನಪಿದ್ದದ್ದು ಒಂದೇ: ಎಡಗೈಯಲ್ಲಿ ಬರೀಬೇಡ ಅಂದ ಟೀಚರ ಬೆರಳು ಕಚ್ಚಿ ಮನೆಗೆ ಬಂದದ್ದು. ಆಗ ಅವನು ನಕ್ಕಿದ್ದ. ಗಟ್ಟಿ ಹುಡುಗಿ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ.

ಲ್ಯಾಬಿಗೆ ಅಂಟಿಕೊಂಡ ನಡುಮನೆಗೆ ಹೋಗಿ ಗೋಡೆಯ ಮೇಲಿನ ಮದುವೆಯ ಫೋಟೊಗೆ ಭೂತಗನ್ನಡಿ ಹಿಡಿದ. ಮಗಳು ತುಟಿ ಬಿಗಿದು ನಿಂತಿದ್ದಳು. ಪಕ್ಕದಲ್ಲಿ ಅಳಿಯ ಕೋರೆಹಲ್ಲು ಕಾಣುವಷ್ಟು ಕಿಸಿದಿದ್ದ. ಆ ನಗು ನೋಡಲಾಗದೆ ಗಾಜನ್ನು ಮಗಳ ಮುಖದಿಂದ ಆಚೆ ಸರಿಸಲಿಲ್ಲ.

"ಏನ್ರೀ ಅದು, ಹೊಸದಾಗಿ ನೋಡೋರ ಹಾಗೆ?" ಹೆಂಡತಿ ಕೇಳಿದಳು.

ಹೇಳಿದ. ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ನಮ್ಮ ಹುಡುಗಿ ಸುಮ್ನೆ ಹೊಡೆಸ್ಕೊಳ್ಳೋಳಲ್ಲ ಕಣ್ರೀ."

"ಸುಮ್ನಿರದೆ ಎದುರು ಮಾತಾಡಿದ್ದಕ್ಕೇ ಮೂರು ಸಲ ಬಿದ್ದಿರೋದು."

ಮಗಳಿಗೆ ಫೋನ್ ಮಾಡಿದ. ಅವಳು ಮನೆಗೆ ಬಂದು ಎರಡು ತಿಂಗಳಾಗಿತ್ತು.

"ಯಾಕಮ್ಮ ಈ ಕಡೆ ತಲೇನೇ ಹಾಕಿಲ್ಲ?"

"ಇವರಿಗೆ ಮೈ ಸರಿಯಿಲ್ಲಪ್ಪ."

"ಜಗಳ ಗಿಗಳ ಏನಿಲ್ಲ ತಾನೆ?"

"ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಯಾಕೆ?"

"ಅಳಿಯಂದ್ರಿಗೆ ಕೊಡು ಫೋನು."

"ಅವರು ಮಾತಾಡೋ ಹಾಗಿಲ್ಲ." ತಕ್ಷಣ ಸೇರಿಸಿದಳು, "ಮಲಗಿದಾರೆ."

ಬೆಳಿಗ್ಗೆ ಹನ್ನೊಂದು ಗಂಟೆ. ಹೊಡೆದು ದಣಿದಿರಬೇಕು ಬಡ್ಡಿಮಗ.

ಮೂರೂ ಅಚ್ಚುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. "ಅವಳ ಕೋಣೆ ಗುಡಿಸಿಡು. ಕರ್ಕೊಂಡೇ ಬರ್ತೀನಿ," ಅಂದ. ಬಸ್ಸಿನಲ್ಲಿ ಸೀಟಿದ್ದರೂ ಕೂರಲಿಲ್ಲ. ಆಡಬೇಕಾದ ಮಾತನ್ನು ಬಾಯಲ್ಲೇ ಅರೆಯುತ್ತ ನಿಂತ. ಒಂದೊಂದೇ ಅಚ್ಚು ಅಳಿಯನ ಮುಂದಿಡಬೇಕು. ಇದು ಮೊದಲನೇದು, ಇದು ಎರಡನೇದು. ಮೂರನೇದು ಇಟ್ಟಮೇಲೆ ಮಾತು ಬೇಡ, ಕೈ. ಬಸ್ಸೇ ನಿಧಾನ ಅನ್ನಿಸಿ ಎರಡು ನಿಲ್ದಾಣ ಮೊದಲೇ ಇಳಿದು ದಾಪುಗಾಲು ಹಾಕಿದ. ಎರಡು ಮಹಡಿ ಒಂದೇ ಉಸಿರಿಗೆ ಹತ್ತಿ ಬಾಗಿಲು ಬಡಿದ.

ಮಗಳು ತೆರೆದಳು. ಎಡಗೈಯಲ್ಲಿ ಕಬ್ಬಿಣದ ಸೌಟು.

"ಅಪ್ಪ! ಹೇಳ್ದೆ ಕೇಳ್ದೆ ಬಂದಿದ್ದೀಯ!" ಬಾಯಿ ತುಂಬ ನಕ್ಕಳು.

ಅವನ ಕಣ್ಣು ನೇರ ಮೇಲಿನ ಸಾಲಿಗೆ ಹೋಯಿತು. ಕ್ಯಾಪಿಲ್ಲ, ಬ್ರಿಜ್ಜಿಲ್ಲ. ಎಲ್ಲ ಅವಳವೇ, ಜೋಡಿಸಿಟ್ಟ ಹಾಗೆ. ಒಳಗೆ ಬಂದು ಕುರ್ಚಿಯಲ್ಲಿ ಕುಸಿದ.

"ಏನಪ್ಪ ಹಾಗೆ ನೋಡ್ತೀಯ?"

"ಏನಿಲ್ಲಮ್ಮ. ಮಗಳ ಹಲ್ಲು ಎಣಿಸ್ತಿದ್ದೆ."

"ನಿನಗೆ ಬೇರೆ ಕೆಲಸ ಇಲ್ಲ. ಕೂತಿರು, ಒಲೆ ಮೇಲೆ ಇಟ್ಟಿದ್ದೀನಿ," ಎಂದು ಅಡುಗೆಮನೆಗೆ ಹೋದಳು.

ಅವನು ತನ್ನಷ್ಟಕ್ಕೆ ನಕ್ಕ. ಯಾರೋ ದೂರದ ನೆಂಟರಿರಬೇಕು. ನರ್ಸಿನ ಮಾತು ಕಟ್ಟಿಕೊಂಡು ಅಳಿಯನನ್ನು ಬಸ್ಸಿನ ತುಂಬ ಶಪಿಸಿದ್ದಾಯಿತು. ಬೆವರು ಒರೆಸಲು ಚೀಲದಿಂದ ಬಟ್ಟೆ ಎಳೆದ. ಮೂರು ಅಚ್ಚೂ ಮೇಜಿನ ಮೇಲೆ ಉರುಳಿದವು.

ಆಗ ಕೋಣೆಯಿಂದ ಅಳಿಯ ಬಂದ. ಬಾಯಿಗೆ ಟವೆಲು ಒತ್ತಿಕೊಂಡಿದ್ದ. ಮೇಜಿನ ಮೇಲಿದ್ದದ್ದನ್ನು ನೋಡಿದ. ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಸೌಟು ಪಾತ್ರೆಗೆ ತಗುಲಿದ ಸದ್ದಿಗೆ ಅವನ ಹೆಗಲು ಕುಗ್ಗಿತು. ಮೆಲ್ಲಗೆ ಮಾವನ ಪಕ್ಕ ಕೂತು ಟವೆಲು ಇಳಿಸಿದ. ಬಲಗಡೆ ಬರೀ ಒಸಡು. ಎಡಗಡೆ ಹೊರಗೆ ಇಣುಕುವ ಒಂದು ಕೋರೆಹಲ್ಲು.

"ಮಾವ," ಎಂದು ಪಿಸುಗುಟ್ಟಿದ, "ಈ ಸಲದ್ದು ಇನ್ನೂ ಸ್ವಲ್ಪ ಗಟ್ಟಿಯಾಗಿ ಮಾಡಿಕೊಡ್ತೀರಾ?"