ಬದಲಿ ರೋಗಿ

"ಸ್ವಲ್ಪ ನರಳೋ ಮಾರಾಯ! ಕಾಯಿಲೆಯೋನು ಹೀಗಾ ಕೂರೋದು, ಮದುವೆ ಊಟಕ್ಕೆ ಬಂದೋನ ಹಾಗೆ?"

ಭದ್ರಾವತಿಯ ಡಾಕ್ಟರ್ ಯಜ್ಞನಾರಾಯಣರ ಮನೆ ಜಗಲಿಯ ಬೆಂಚಿನ ಮೇಲೆ ಭಾವ ಷಡಕ್ಷರಪ್ಪ ಪಿಸುಗುಟ್ಟಿದ. ಉಜ್ಜನಪ್ಪನಿಗೆ ಮೈಯೆಲ್ಲ ಉರಿಯಿತು. ಐವತ್ತೈದು ದಾಟಿದರೂ ಒಂದು ದಿನ ತಲೆನೋವೆಂದು ಮಲಗಿದವನಲ್ಲ ತಾನು. ಈ ಅಂಜುಬುರುಕನ ಬದಲಿಗೆ ರೋಗಿಯ ವೇಷ ಹಾಕಬೇಕಂತೆ! ಅಕ್ಕ ಶಂಕರಮ್ಮ ಕಣ್ಣೀರು ಹಾಕದಿದ್ದರೆ, ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲೇ ಭಾವನಿಗೊಂದು ಕೈಮುಗಿದು ಮನೆಗೆ ಹೋಗಿಬಿಡುತ್ತಿದ್ದ.

ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಷಡಕ್ಷರಪ್ಪನಿಗೆ ಬೆಂಗಳೂರಿನಲ್ಲಿ ಹೊಟ್ಟೆ ಕೊಯ್ದು ಆರು ವರ್ಷವಾಗಿತ್ತು. ಬೇರುಸಹಿತ ತೆಗೆದಿದ್ದೇವೆ, ಹಾಯಾಗಿರಿ ಎಂದು ಅಲ್ಲಿಯ ಡಾಕ್ಟರು ಕಳಿಸಿದ್ದರು. ಈ ಪುಣ್ಯಾತ್ಮ ಮಾತ್ರ ಅಂದಿನಿಂದ ದಿನಾ ಸಾಯುತ್ತಲೇ ಇದ್ದ. ಮೊಣಕಾಲು ಹಿಡಿದರೆ ಕ್ಯಾನ್ಸರ್. ಕೆಮ್ಮು ಬಂದರೆ ಕ್ಯಾನ್ಸರ್. ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬರಿಸಿದರೂ, "ಬಂತು ಕಣೇ ಶಂಕ್ರಿ, ಮತ್ತೆ ಬಂತು!" ಗಾಂಧಿ ಬಜಾರಿನ ತನ್ನ ಬಟ್ಟೆ ಅಂಗಡಿಗೆ ಸೀರೆ ನೋಡಲು ಬಂದವರಿಗೂ ಮೂತ್ರದ ಪುರಾಣ. ಹಾವು ಕಚ್ಚಿದವನಿಗೆ ಹಗ್ಗವೂ ಹಾವು, ಸರಿ. ಇವನಿಗೆ ಸ್ವಂತ ಉಡಿದಾರವೂ ಹಾವೇ.

ಈಗೊಂದು ತಿಂಗಳಿಂದ ಸೊಂಟನೋವು. ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆಸಿದ್ದ. ಅದನ್ನು ಅಲ್ಲಿಯ ಯಾವ ಡಾಕ್ಟರಿಗೂ ತೋರಿಸಲು ಒಪ್ಪಲಿಲ್ಲ.

"ಅವರೆಲ್ಲ ನನ್ನ ಮುಖ ಬಲ್ಲೋರು. ರೋಗಿ ಎದುರಿಗೆ ಯಾರೂ ನಿಜ ಹೇಳಲ್ಲ ಕಣೋ. ನಮ್ಮಪ್ಪಂಗೆ 'ಏನೂ ಇಲ್ಲ ಯಜಮಾನ್ರೇ, ಎಳನೀರು ಕುಡೀರಿ' ಅಂದ್ರು. ನನ್ನ ಹೊರಗೆ ಕರೆದು, 'ಇನ್ನೊಂದು ತಿಂಗಳು' ಅಂದ್ರು. ನಿಜ ಬೇಕಂದ್ರೆ ರೋಗಿ ಕಡೆಯೋನಾಗೇ ಹೋಗ್ಬೇಕು."

ಅದಕ್ಕೇ ಈ ನಾಟಕ. ಎಕ್ಸ್‌ರೇ ಲಕೋಟೆಯ ಮೇಲೆ ಈಗ ಉಜ್ಜನಪ್ಪನ ಹೆಸರಿತ್ತು.

ಒಳಗೆ ಕರೆದರು. ಯಜ್ಞನಾರಾಯಣರದು ಸಿಡುಕು ಮೋರೆ. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಷಡಕ್ಷರಪ್ಪ ಒಂದೇ ಉಸಿರಿಗೆ ಪಾಠ ಒಪ್ಪಿಸಿದ: ಇವನು ನನ್ನ ಭಾವಮೈದ, ಆರು ವರ್ಷದ ಹಿಂದೆ ಪ್ರಾಸ್ಟೇಟ್ ಆಪರೇಷನ್ ಆಗಿದೆ, ಈಗ ಸೊಂಟ ನೋಯುತ್ತದಂತೆ.

"ಅಂಗಿ ಎತ್ತಿ ಮಲಕ್ಕೊಳ್ಳಿ," ಎಂದರು ಡಾಕ್ಟರು.

ಕಿಬ್ಬೊಟ್ಟೆ ಒತ್ತಿದರು. ಉಜ್ಜನಪ್ಪ ಮಾತು ಕೊಟ್ಟಂತೆ "ಅಯ್ಯೋ ಶಿವನೇ" ಎಂದು ನರಳಿದ. ಡಾಕ್ಟರ ಕೈ ಅಲ್ಲೇ ನಿಂತಿತು. ಅವನ ಹೊಟ್ಟೆ ನೋಡಿದರು, ಷಡಕ್ಷರಪ್ಪನ ಮುಖ ನೋಡಿದರು.

"ಗಾಯ ಬಹಳ ಚೆನ್ನಾಗಿ ಮಾಯ್ದಿದೆ."

"ಬೆಂಗಳೂರಿನ ಡಾಕ್ಟ್ರು, ಸ್ವಾಮಿ," ಎಂದ ಷಡಕ್ಷರಪ್ಪ ಹೆಮ್ಮೆಯಿಂದ.

"ಸರಿ. ರೋಗಿ ಹೊರಗಿರ್ಲಿ. ನೀವು ಕೂತ್ಕೊಳ್ಳಿ."

ಉಜ್ಜನಪ್ಪ ಜಗಲಿಗೆ ಬಂದು ಗುಂಡಿ ಹಾಕಿಕೊಂಡ. ಥೂ, ಇದೂ ಒಂದು ಜನ್ಮವೇ! ಸಾವು ಯಾರಿಗಿಲ್ಲ? ಆರು ವರ್ಷ ಅಕ್ಕ ನೆಟ್ಟಗೆ ಒಂದು ತುತ್ತು ಉಂಡಿಲ್ಲ. ಇವನ ಗೋಳು ಕೇಳಿ ಕೇಳಿ ಅವಳೇ ಅರ್ಧ ಆಗಿದ್ದಾಳೆ.

ಷಡಕ್ಷರಪ್ಪ ಹೊರಗೆ ಬಂದಾಗ ಅವನ ಕಣ್ಣು ತುಂಬಿತ್ತು, ಬಾಯಿ ಕಿವಿಯವರೆಗೆ ಅಗಲವಾಗಿತ್ತು.

"ಏನೂ ಇಲ್ವಂತೆ ಕಣೋ! ವಯಸ್ಸಿಗೆ ಮೂಳೆ ಸವೆದಿದೆಯಂತೆ, ಅಷ್ಟೇ! 'ನಿಮ್ಮ ಭಾವಮೈದ ಇನ್ನಿಪ್ಪತ್ತು ವರ್ಷ ಗಟ್ಟಿ' ಅಂದ್ರು. ರೋಗಿಗೆ ಹೇಳಿದ್ದಲ್ಲ ಮತ್ತೆ, ನಂಗೆ ಹೇಳಿದ್ದು!"

"ಸದ್ಯ. ಇನ್ನಾದ್ರೂ ಅಕ್ಕನ ಪ್ರಾಣ ತಿನ್ಬೇಡಿ ಭಾವ."

"ಇಲ್ಲ ಕಣೋ, ಶಿವನಾಣೆ! ಎದುರು ಹೋಟ್ಲಲ್ಲಿ ದೋಸೆ ಹೇಳಿರ್ತೀನಿ, ಬಾ."

ಬೆಳಿಗ್ಗೆ ಬಸ್ ಹತ್ತಲು ಕೈಯಾಸರೆ ಕೇಳಿದ್ದ ಮನುಷ್ಯ ಈಗ ಒಬ್ಬನೇ ಮೆಟ್ಟಿಲಿಳಿದು ನಡೆದ. ಹೇಡಿಗೂ ಒಂದು ಒಳ್ಳೆ ದಿನ ಬರುತ್ತದೆ ಎಂದು ಉಜ್ಜನಪ್ಪ ನಕ್ಕ.

"ರೋಗೀನ ಒಂದ್ನಿಮಿಷ ಕರೀತಿದಾರೆ," ಎಂದ ಕಾಂಪೌಂಡರ್ ಬಾಗಿಲಲ್ಲಿ ನಿಂತು.

ಉಜ್ಜನಪ್ಪನ ನಗು ಅಲ್ಲೇ ಆರಿತು. ಡಾಕ್ಟರ ಕೈ ತನ್ನ ಹೊಟ್ಟೆಯ ಮೇಲೆ ಯಾಕೆ ಅಷ್ಟು ಹೊತ್ತು ನಿಂತಿತ್ತು? ತಾನಾಗೇ ಕೈ ಕಿಬ್ಬೊಟ್ಟೆಗೆ ಹೋಯಿತು. ಅಲ್ಲೇನೋ ಗಟ್ಟಿಯಾಗಿ ಸಿಕ್ಕಿದಂತಾಯಿತು.

ಒಳಗೆ ಯಜ್ಞನಾರಾಯಣರು ತಾವೇ ಎದ್ದು ಬಾಗಿಲು ಮುಚ್ಚಿದರು.

"ಹೋದ್ರಾ ಅವರು?"

"ಹೋದ್ರು ಸ್ವಾಮಿ. ನಂಗೆ... ನಂಗೇನಾಗಿದೆ ಡಾಕ್ಟ್ರೇ? ಏನಿದ್ರೂ ಹೇಳ್ಬಿಡಿ."

"ನಿಮಗೇನೂ ಆಗಿಲ್ಲ. ಹೊಟ್ಟೆ ಮೇಲೆ ಕೊಯ್ದ ಗುರುತೂ ಇಲ್ಲ," ಎಂದರು ಡಾಕ್ಟರು. ಅವರ ದನಿಯಲ್ಲಿ ಸಿಡುಕಿರಲಿಲ್ಲ. "ಕೂತ್ಕೊಳ್ಳಿ. ರೋಗಿಗೆ ಹೇಳೋದನ್ನ ರೋಗಿಗೆ ಹೇಳಿ ಕಳಿಸಿದೀನಿ. ಈಗ ನಿಮಗೆ ನಿಜ ಹೇಳ್ತೀನಿ."